ರತ್ನದ ಲೆಕ್ಕ: ಬೆಂಗಳೂರಿನ ಒಂದು ಮೊಬೈಲ್ ಆಟ ಏಷ್ಯಾ ಸುತ್ತಿದ ಪ್ರಕರಣ

ಹದಿನಾಲ್ಕು ಜನರ ಒಂದು ಸ್ಟುಡಿಯೋದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಸ್ಟುಡಿಯೋ, ಆಟ, ಜನ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಆಟದ ಕೆಲವು ವಿವರಗಳನ್ನೂ ಒಳಗಿನ ಸಂಖ್ಯೆಗಳನ್ನೂ ಬದಲಿಸಿದ್ದೇನೆ. ತೀರ್ಮಾನಗಳು ಮಾತ್ರ ನಡೆದ ಹಾಗೆಯೇ ಇವೆ. 2023ರ ಮಧ್ಯದಿಂದ ನಾನು ಅವರಿಗೆ ಅರೆಕಾಲಿಕ ಸಲಹೆಗಾರ. ಆದ್ದರಿಂದ ಇಲ್ಲಿ ಕಾಣುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಆಟವನ್ನು 'ಕೋಟೆ ಆಟ' ಎಂದು ಕರೆಯೋಣ. ಯೋಧರ ಕಾರ್ಡುಗಳನ್ನು ಸಾಲಾಗಿ ನಿಲ್ಲಿಸಿ, ನುಗ್ಗಿ ಬರುವ ಸೈನ್ಯದಿಂದ ಕೋಟೆ ಕಾಯಬೇಕು. ಕಾರ್ಡು ಬೇಕೆಂದರೆ ರತ್ನ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಯಾವ ಕಾರ್ಡು ಬರುತ್ತದೆ ಎಂಬುದು ಅದೃಷ್ಟ. ಜಪಾನಿನಲ್ಲಿ ಹುಟ್ಟಿ ಏಷ್ಯಾವಿಡೀ ಹರಡಿರುವ ಈ ಪದ್ಧತಿಗೆ ಗಾಚಾ ಎನ್ನುತ್ತಾರೆ. ರತ್ನವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಇಲ್ಲವೇ ಜಾಹೀರಾತು ನೋಡಿ ಐದೈದಾಗಿ ಗಳಿಸಬಹುದು.

ಭಾರತದಲ್ಲಿ 2022ರಲ್ಲಿ ಬಿಡುಗಡೆಯಾದಾಗ ಆಡುವವರಿಗೆ ಕೊರತೆ ಇರಲಿಲ್ಲ, ಕೊಳ್ಳುವವರು ಮಾತ್ರ ಕಡಿಮೆ. ಆದಾಯದ ದೊಡ್ಡ ಪಾಲು ಜಾಹೀರಾತಿನದ್ದು. ಹೂಡಿಕೆದಾರರು ಕೇಳಿದ್ದು ಸಹಜವೇ: ಏಷ್ಯಾಕ್ಕೆ ಯಾಕೆ ಹೋಗಬಾರದು?

ಆ ಹೊತ್ತಿಗೆ ಏಷ್ಯಾ ಎಂಬ ಮಾತಿಗೆ ಒಂದು ಹೊಳಪಿತ್ತು. ಶಾಂಘೈನ ಕಂಪನಿಯೊಂದು 2020ರ ಸೆಪ್ಟೆಂಬರಿನಲ್ಲಿ ಬಿಟ್ಟ ಗೆನ್‌ಶಿನ್ ಇಂಪ್ಯಾಕ್ಟ್ ಫೋನು, ಕಂಪ್ಯೂಟರು, ಕನ್ಸೋಲು ಮೂರರಲ್ಲೂ ಒಟ್ಟಿಗೆ ಬಂದು ಜಗತ್ತನ್ನೇ ಗೆದ್ದಿತ್ತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೊ ಆಟಗಳ ಸ್ಪರ್ಧೆಗೆ, ಮೊದಲ ಸಲ ಪದಕ ಸಿಗಲಿತ್ತು. ಹೂಡಿಕೆದಾರರಿಗೆ ತೋರಿಸಲು ತಂಡ ಮಾಡಿಕೊಂಡ ಸ್ಲೈಡಿನಲ್ಲಿ ಒಂದು ನಕ್ಷೆ ಇತ್ತು. ಟೋಕಿಯೋದಿಂದ ಜಕಾರ್ತಾದವರೆಗೆ ಎಲ್ಲದಕ್ಕೂ ಒಂದೇ ಕೇಸರಿ ಬಣ್ಣ. ಈಗ ಹಿಂತಿರುಗಿ ನೋಡಿದರೆ ಮುಂದಿನ ಎರಡು ವರ್ಷದ ಪಾಡಿಗೆಲ್ಲ ಆ ಬಣ್ಣವೇ ಮೂಲ ಅನಿಸುತ್ತದೆ.

ಯೋಜನೆ ಸರಳವಾಗಿತ್ತು. ಆಟ ಒಂದೇ, ಬಿಲ್ಡ್ (ಫೋನಿಗೆ ಇಳಿಸಿಕೊಳ್ಳುವ ಸಿದ್ಧ ಆವೃತ್ತಿ) ಒಂದೇ. ಭಾಷೆ ಮಾತ್ರ ಬೇರೆ. ಯಾವ ದೇಶದಲ್ಲಿ ಒಬ್ಬ ಆಟಗಾರ ಹೆಚ್ಚು ಖರ್ಚು ಮಾಡುತ್ತಾನೋ ಅದು ಮೊದಲು. ಹಾಗೆ ಜಪಾನ್, ಚೀನಾ, ಕೊರಿಯಾ, ಕೊನೆಗೆ ಇಂಡೋನೇಷ್ಯಾ ಎಂಬ ಕ್ರಮ ಬಂತು. ಜಪಾನ್ ಮೊದಲಿರಲಿ ಎಂದವರಲ್ಲಿ ನಾನೂ ಒಬ್ಬ.

ಜಪಾನ್: ಅನುವಾದಕಿ ಕೇಳಿದ ಪ್ರಶ್ನೆ

ಪದಕ್ಕಿಷ್ಟು ಎಂದು ದುಡ್ಡು ಪಡೆಯುತ್ತಿದ್ದ ಅನುವಾದಕಿಯೊಬ್ಬರು ಎರಡನೇ ವಾರದಲ್ಲೇ ಪತ್ರ ಬರೆದರು. ಆಟದಲ್ಲಿ 'ಪಂಚರತ್ನ' ಎಂಬ ಹಬ್ಬದ ಸ್ಪರ್ಧೆ ಇತ್ತು. ಪೆಟ್ಟಿಗೆಯಿಂದ ಬರುವ ಐದು ನಿರ್ದಿಷ್ಟ ಕಾರ್ಡುಗಳನ್ನು ಕೂಡಿಸಿದರೆ ಬೇರೆಲ್ಲೂ ಸಿಗದ ಆರನೇ ಕಾರ್ಡು ಬಹುಮಾನ. "ಇದನ್ನು ಅನುವಾದಿಸಬೇಕೇ? ಇದು ಇಲ್ಲಿ ನಡೆಯುವುದಿಲ್ಲವಲ್ಲ" ಎಂದು ಆಕೆ ಕೇಳಿದ್ದರು.

ಆಕೆ ಹೇಳಿದ್ದು ನಿಜ. ಇದಕ್ಕೆ ಅಲ್ಲಿ ಕೊಂಪು ಗಾಚಾ, ಅಂದರೆ ಪೂರ್ತಿ ಸೆಟ್ ಕೂಡಿಸುವ ಗಾಚಾ, ಎಂಬ ಹೆಸರೇ ಇದೆ. 2012ರಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಇದನ್ನು ಕಾನೂನುಬಾಹಿರ ಎಂದು ಸಾರಿತ್ತು. ಇದರ ಮೋಸ ಇರುವುದು ಲೆಕ್ಕದಲ್ಲಿ. ಐದರಲ್ಲಿ ಮೊದಲ ಕಾರ್ಡು ಬೇಗ ಸಿಗುತ್ತದೆ, ಏಕೆಂದರೆ ಯಾವುದು ಬಂದರೂ ಹೊಸದೇ. ನಾಲ್ಕು ಕೂಡಿದ ಮೇಲೆ ಬೇಕಾಗಿರುವುದು ಒಂದೇ ಒಂದು, ಬರುವುದೆಲ್ಲ ಇದ್ದದ್ದೇ. ಗುರಿ ಹತ್ತಿರ ಬಂದಂತೆ ಕಾಣುವಾಗಲೇ ದುಡ್ಡು ಹೆಚ್ಚು ಸುರಿಯಬೇಕಾಗುತ್ತದೆ. ಹನ್ನೊಂದು ವರ್ಷ ಹಳೆಯ ಈ ನಿಯಮ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರುಕಟ್ಟೆ ವರದಿಗಳನ್ನು ದುಡ್ಡು ಕೊಟ್ಟು ತರಿಸಿಕೊಂಡು ಓದಿದ್ದೆವು. ಅವುಗಳಲ್ಲಿ ಆದಾಯದ ಕೋಷ್ಟಕಗಳಿದ್ದವು, ಇದು ಇರಲಿಲ್ಲ.

ಎರಡನೆಯ ಪೆಟ್ಟು ಡೇಟಾಬೇಸಿನಿಂದ. ಜಪಾನಿನ ಆಟಗಳಲ್ಲಿ ದುಡ್ಡು ಕೊಟ್ಟು ಕೊಂಡ ರತ್ನ ಬೇರೆ, ಪುಕ್ಕಟೆ ಸಿಕ್ಕ ರತ್ನ ಬೇರೆ. ಕೊಂಡದ್ದು ಮುಂಗಡ ಪಾವತಿಯ ಕಾನೂನಿನಡಿ ಬರುತ್ತದೆ. ಮಾರ್ಚ್ 31 ಅಥವಾ ಸೆಪ್ಟೆಂಬರ್ 30ರಂದು ಬಳಸದೆ ಉಳಿದ ಮೊತ್ತ ಒಂದು ಕೋಟಿ ಯೆನ್ ದಾಟಿದರೆ ಅದರ ಅರ್ಧದಷ್ಟನ್ನು ಠೇವಣಿ ಇಡಬೇಕು. ನಮ್ಮ ಡೇಟಾಬೇಸಿನಲ್ಲಿ 'ರತ್ನ' ಎಂಬ ಒಂದೇ ಕಾಲಂ. ಜಾಹೀರಾತು ನೋಡಿ ಗಳಿಸಿದ ಐದೂ, ದುಡ್ಡು ಕೊಟ್ಟು ಕೊಂಡ ಐನೂರೂ ಅದರಲ್ಲೇ ಬೆರೆತಿದ್ದವು. ಆಟಗಾರ ನೂರು ರತ್ನ ಖರ್ಚು ಮಾಡಿದಾಗ ಹೋದದ್ದು ಯಾವ ರತ್ನ ಎಂದು ಕೇಳಿದರೆ ಉತ್ತರವಿರಲಿಲ್ಲ. ಒಂದು ಕಾಲಂ ಎರಡಾಗಲು ಮೂರು ವಾರ ಹಿಡಿಯಿತು. ಅಷ್ಟು ದಿನ ಬೇರೆ ಯಾವ ಕೆಲಸವೂ ಮುಂದೆ ಸಾಗಲಿಲ್ಲ.

ಮೂರನೆಯದು ಅಕ್ಷರದ್ದು. ಚೀನೀ ಮತ್ತು ಜಪಾನೀ ಬರಹದಲ್ಲಿ ಹಂಚಿಕೆಯಾಗಿರುವ ಎಷ್ಟೋ ಅಕ್ಷರಗಳಿಗೆ, ಕಂಪ್ಯೂಟರಿಗಾಗಿ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ, ಸಂಖ್ಯೆ ಒಂದೇ. ಬರೆಯುವ ರೂಪ ಮಾತ್ರ ಕೊಂಚ ಬೇರೆ, ಅದನ್ನು ತೀರ್ಮಾನಿಸುವುದು ಫಾಂಟು. ಚೀನಾದ ಕೆಲಸಕ್ಕೆಂದು ಹಾಕಿದ್ದ ಫಾಂಟೇ ಜಪಾನೀ ಬಿಲ್ಡಿನಲ್ಲೂ ಉಳಿದುಬಿಟ್ಟಿತ್ತು. 'ಮೂಳೆ', 'ನೇರ' ಮುಂತಾದ ಅರ್ಥದ ಅಕ್ಷರಗಳು ಚೀನೀ ರೂಪದಲ್ಲಿ ಬಂದವು. ಕನ್ನಡ ವಾಕ್ಯದ ನಡುನಡುವೆ ತೆಲುಗಿನ ತಲೆಕಟ್ಟು ಕಂಡರೆ ನಮಗೆ ಹೇಗಾಗುತ್ತದೋ ಹಾಗೆ. ಓದಲು ಬರುತ್ತದೆ, ಆದರೆ ಬರೆದವನು ಇಲ್ಲಿಯವನಲ್ಲ ಎಂದು ಮೊದಲ ಸಾಲಿಗೇ ತಿಳಿದುಹೋಗುತ್ತದೆ. ಬಿಡುಗಡೆಯ ನಂತರ ಬಂದ ವಿಮರ್ಶೆಗಳಲ್ಲಿ ಆಟದ ಬಗ್ಗೆ ಬರೆದವರಿಗಿಂತ ಅಕ್ಷರದ ಬಗ್ಗೆ ಬರೆದವರೇ ಹೆಚ್ಚು.

ಫಾಂಟು ಸರಿ ಮಾಡಿದೆವು. ಆದರೂ ಆಟ ಅಲ್ಲಿ ಬೇರು ಬಿಡಲಿಲ್ಲ. ಕಾರಣ ಇಷ್ಟೇ ಎಂದು ನಾನು ಬೆರಳಿಟ್ಟು ತೋರಿಸಲಾರೆ. ನನ್ನ ಊಹೆಯೆಂದರೆ, ನಮ್ಮ ಯೋಧರಿಗೆ ಕತ್ತಿ ಇತ್ತು, ಕಥೆ ಇರಲಿಲ್ಲ. ಅಲ್ಲಿಯ ಆಟಗಾರ ಕಾರ್ಡು ಕೊಳ್ಳುವುದು ಆ ಪಾತ್ರದ ಮೇಲಿನ ಪ್ರೀತಿಗೆ, ಅದರ ದನಿಗೆ, ಅದರ ಹಿಂದಿನ ಕಥೆಗೆ. ನಾವು ಮಾರಲು ಹೋದದ್ದು ಬರೀ ಬಲ.

ಚೀನಾ: ಬಾಗಿಲಲ್ಲಿ ಕಳೆದ ಏಳು ತಿಂಗಳು

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ಚೀನಾದಲ್ಲಿ ಆಟವನ್ನು ಮಾರಲು ಸರ್ಕಾರದ ಪ್ರಕಟಣಾ ಸಂಖ್ಯೆ, ಅಂದರೆ ಅನುಮತಿ, ಬೇಕು, ಹೊರಗಿನವರ ಆಟವಾದರೆ ಸ್ಥಳೀಯ ಪಬ್ಲಿಷರ್ ಬೇಕು. ಗೂಗಲ್ ಪ್ಲೇ ಅಲ್ಲಿಲ್ಲ, ಫೋನ್ ತಯಾರಕರದ್ದೇ ಹತ್ತಾರು ಆಪ್ ಅಂಗಡಿಗಳು. 2018ರಲ್ಲಿ ಒಮ್ಮೆ, 2021ರ ಜುಲೈನಿಂದ 2022ರ ಏಪ್ರಿಲ್‌ವರೆಗೆ ಮತ್ತೊಮ್ಮೆ ಹೊಸ ಸಂಖ್ಯೆ ಕೊಡುವುದೇ ನಿಂತುಹೋಗಿತ್ತು. 2021ರ ಸೆಪ್ಟೆಂಬರಿನಿಂದ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆಟ.

ಪಬ್ಲಿಷರ್ ಒಬ್ಬರು ಸಿಕ್ಕರು, ಸಜ್ಜನರು. ತಲೆಬುರುಡೆ ತೆಗೆಯಿರಿ, ರಕ್ತದ ಬಣ್ಣ ಬದಲಿಸಿ, ನಿಜ ಹೆಸರಿನ ನೋಂದಣಿ ಜೋಡಿಸಿ ಎಂದರು. ಎಲ್ಲ ಮಾಡಿದೆವು. ಯಾವಾಗ ಬಿಡುಗಡೆ ಎಂದರೆ ಅವರೂ ಹೇಳಲಾರರು. 2023ರ ಡಿಸೆಂಬರ್ 22ರಂದು ಹೊಸ ಕರಡು ನಿಯಮಗಳು ಹೊರಬಿದ್ದವು. ದಿನಾ ಲಾಗಿನ್ ಆದವರಿಗೆ ಬಹುಮಾನ ಕೊಡುವಂತಿಲ್ಲ ಎಂಬುದೂ ಅದರಲ್ಲಿತ್ತು. ಟೆನ್ಸೆಂಟ್, ನೆಟ್‌ಈಸ್‌ನಂಥ ಆಟದ ದೈತ್ಯ ಕಂಪನಿಗಳ ಷೇರುಗಳೇ ಅಂದು ಪಾತಾಳ ಕಂಡವು. ಮುಂದಿನ ತಿಂಗಳು ಆ ಕರಡು ಜಾಲತಾಣದಿಂದ ಸದ್ದಿಲ್ಲದೆ ಮಾಯವಾಯಿತು.

ತಂಡ ಕೈಬಿಟ್ಟದ್ದು ಕರಡು ಬಂದಾಗಲ್ಲ, ಮಾಯವಾದಾಗ. ನಿಯಮ ಕಠಿಣವಾಗಿದ್ದರೆ ಅದಕ್ಕೆ ತಕ್ಕ ಆಟ ಕಟ್ಟಬಹುದು. ಬಂದು ಹೋಗುವ ನಿಯಮಕ್ಕೆ ಕಾಯಲು ಹದಿನಾಲ್ಕು ಜನರ ಸಂಬಳದ ಹಣ ಸಾಲದು ಎಂದು ಸ್ಥಾಪಕರಲ್ಲೊಬ್ಬ ಹೇಳಿದ. 2024ರ ಆಗಸ್ಟಿನಲ್ಲಿ ಹಾಂಗ್‌ಝೌನ ತಂಡವೊಂದರ ಬ್ಲ್ಯಾಕ್ ಮಿತ್: ವುಕಾಂಗ್ ಮೂರು ದಿನಕ್ಕೆ ಒಂದು ಕೋಟಿ ಪ್ರತಿ ಮಾರಾಟವಾದಾಗ, ತಪ್ಪು ಮಾಡಿದಿರಿ ಎಂದು ಹೂಡಿಕೆದಾರರು ಒಂದು ಸಾಲಿನ ಸಂದೇಶ ಕಳಿಸಿದರು. ಅದು ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ, ವರ್ಷಗಟ್ಟಲೆ ಕೂತು ಕಟ್ಟಿದ, ಚೀನಾದವರೇ ಮಾಡಿದ ಆಟ. ನಮ್ಮದಕ್ಕೂ ಅದಕ್ಕೂ ಅಜಗಜಾಂತರ. ಕೈಬಿಟ್ಟದ್ದು ಸರಿ ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಕೊರಿಯಾ: ಕೋಷ್ಟಕ ಬರೆಯಲು ಕೂತಾಗ

ಈ ಪ್ರಕರಣದ ನಡುಗಂಬ ಇದು.

ಕೊರಿಯಾದಲ್ಲಿ 2024ರ ಮಾರ್ಚ್ 22ರಿಂದ ಹೊಸ ಕಾನೂನು ಜಾರಿಗೆ ಬಂತು. ಅದೃಷ್ಟದ ಪೆಟ್ಟಿಗೆ ಮಾರುವವರು ಯಾವ ವಸ್ತು ಎಷ್ಟು ಶೇಕಡಾ ಬರುತ್ತದೆ ಎಂಬುದನ್ನು ಆಟದಲ್ಲೂ ಜಾಲತಾಣದಲ್ಲೂ ಪ್ರಕಟಿಸಬೇಕು, ಆಟದಲ್ಲಿ ಇಂಥದ್ದಿದೆ ಎಂದು ಜಾಹೀರಾತಿನಲ್ಲೂ ಹೇಳಬೇಕು. ಅದೇ ಜನವರಿಯಲ್ಲಿ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಒಂದು ದೈತ್ಯ ಕಂಪನಿಗೆ ಸುಮಾರು 1,160 ಕೋಟಿ ವೊನ್ ದಂಡ ಹಾಕಿತ್ತು. ಆಟಗಾರರಿಗೆ ತಿಳಿಸದೆ ಅದೃಷ್ಟದ ಪ್ರಮಾಣ ಬದಲಿಸಿದ್ದು ಅವರ ತಪ್ಪು.

ನಮಗೇನು ಭಯ ಎಂದುಕೊಂಡೆವು. ಆಪ್ ಅಂಗಡಿಗಳ ನಿಯಮದ ಪ್ರಕಾರ ಭಾರತದ ಬಿಲ್ಡಿನಲ್ಲೂ ಪ್ರಮಾಣ ತೋರಿಸುತ್ತಲೇ ಇದ್ದೆವಲ್ಲ. ಅತ್ಯುತ್ತಮ ದರ್ಜೆಯ ಕಾರ್ಡು: ಶೇ 2. ಆ ಸಂಖ್ಯೆ ವಿನ್ಯಾಸಕನ ಹಾಳೆಯಿಂದ ಬಂದದ್ದು. ಕೊರಿಯಾಕ್ಕೆ ಪ್ರತಿ ಕಾರ್ಡಿನ ಪ್ರಮಾಣವೂ ಬೇಕಿದ್ದರಿಂದ ಪ್ರೋಗ್ರಾಮರ್ ಹಾಳೆ ಬಿಟ್ಟು ಕೋಡಿನಿಂದಲೇ ಕೋಷ್ಟಕ ತೆಗೆಯಲು ಕೂತ. ಕೂಡಿಸಿದರೆ 2 ಬರಲಿಲ್ಲ. 1.5 ಬಂತು.

ಕಾರಣ ಪತ್ತೆಯಾಗಲು ಎರಡು ದಿನ ಬೇಕಾಯಿತು. ಮೇಲ್ದರ್ಜೆಯ ಪಟ್ಟಿಯಲ್ಲಿ ಹನ್ನೆರಡು ಕಾರ್ಡುಗಳಿದ್ದವು. ಅವುಗಳಲ್ಲಿ ಮೂರು ಹಳೆಯ ಹಬ್ಬಗಳ ಕಾರ್ಡುಗಳು, ಅವಧಿ ಮುಗಿದವು. ಪಟ್ಟಿಯಿಂದ ಅವನ್ನು ಯಾರೂ ತೆಗೆದಿರಲಿಲ್ಲ. ಅದೃಷ್ಟ ಅವುಗಳ ಮೇಲೆ ಬಿದ್ದಾಗ ಆಟ ಕುಸಿಯಬಾರದೆಂದು ಯಾರೋ ಹಿಂದೆ ಒಂದು ಸಾಲು ಸೇರಿಸಿದ್ದರು: ಕಾರ್ಡು ಸಿಗದಿದ್ದರೆ ಕೆಳದರ್ಜೆಯದೊಂದನ್ನು ಕೊಡು. ಹನ್ನೆರಡರಲ್ಲಿ ಮೂರು ಸಲ ರತ್ನದ ಬದಲು ಗಾಜು.

ಅರ್ಧ ಶೇಕಡಾ ಏನು ಮಹಾ ಅನಿಸಬಹುದು. ಐವತ್ತು ಪೆಟ್ಟಿಗೆ ತೆರೆದವನಿಗೆ ಶೇ 2ರ ಲೆಕ್ಕದಲ್ಲಿ ಕನಿಷ್ಠ ಒಂದು ಒಳ್ಳೆಯ ಕಾರ್ಡು ಸಿಗುವ ಸಾಧ್ಯತೆ ನೂರಕ್ಕೆ 64. ಶೇ 1.5ರಲ್ಲಿ ಅದು 53. ನೂರು ಜನರಲ್ಲಿ ಹನ್ನೊಂದು ಮಂದಿ ಬರಿಗೈಯಲ್ಲಿ ಎದ್ದುಹೋಗಿದ್ದಾರೆ, ಅದೂ ನಾವು ಬರೆದು ತೋರಿಸಿದ ಸಂಖ್ಯೆಯನ್ನು ನಂಬಿ.

ಸ್ಥಾಪಕರಿಬ್ಬರೂ, ಆ ವಿನ್ಯಾಸಕ ಮತ್ತು ಪ್ರೋಗ್ರಾಮರ್, ಕಾಲೇಜಿನಿಂದ ಗೆಳೆಯರು. ಆ ಸಂಜೆಯ ಮಾತು ನನಗೆ ಹಾಗೆಯೇ ನೆನಪಿದೆ.

"ಲೋ, ಸುಮ್ನೆ ಸರಿಮಾಡಿ ಅಪ್‌ಡೇಟ್ ಬಿಟ್ಬಿಡೋಣ. ಯಾರಿಗೂ ಗೊತ್ತಾಗಲ್ಲ," ಎಂದ ವಿನ್ಯಾಸಕ.

"ನಂಗೆ ಗೊತ್ತಾಯ್ತಲ್ಲ ಮಗಾ," ಎಂದ ಪ್ರೋಗ್ರಾಮರ್.

"ಬರೆದು ಹಾಕಿದ್ರೆ ನಾಳೆ ಬೆಳಗ್ಗೆ ಎಲ್ರೂ ಕಳ್ಳರು ಅಂತಾರೆ."

"ಈಗ ಏನ್ ಅಂದ್ಕೊಂಡಿದಾರೆ ಅಂತ ಅಂದ್ಕೊಂಡಿದೀಯ?"

ವಿನ್ಯಾಸಕನ ವಾದವನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಬ್ಯಾಂಕಿನಲ್ಲಿ ಐದು ತಿಂಗಳಿಗಾಗುವಷ್ಟು ಹಣ, ಭಾರತದ ಆಟಗಾರರೇ ಹೊಟ್ಟೆ ಹೊರೆಯುತ್ತಿದ್ದವರು. ಬೇಕೆಂದು ಮಾಡಿದ ಮೋಸವೂ ಅಲ್ಲ. ನನ್ನನ್ನು ಕೇಳಿದರು. ಬರೆದು ಹಾಕಿ, ಆದರೆ ಬರೀ ಕ್ಷಮೆ ಕೇಳಬೇಡಿ, ಲೆಕ್ಕ ಕೊಡಿ ಎಂದೆ. ಯಾವ ಯಾವ ಖಾತೆಯಲ್ಲಿ ಎಷ್ಟು ಸಲ ಆ ಸಾಲು ಓಡಿದೆ ಎಂದು ಸರ್ವರ್ ದಾಖಲೆಯಿಂದ ತೆಗೆಯಬಹುದಿತ್ತು. ತೆಗೆದರು. ಹಾಗೆ ತಪ್ಪಿಹೋದ ಪ್ರತಿಯೊಂದು ಕಾರ್ಡಿಗೂ ಇಷ್ಟದ ಮೇಲ್ದರ್ಜೆ ಕಾರ್ಡೊಂದನ್ನು ಆರಿಸಿಕೊಳ್ಳುವ ಚೀಟಿ ಕೊಟ್ಟರು, ನಡೆದದ್ದನ್ನು ಒಂದು ಪುಟದಲ್ಲಿ ಬರೆದು ಆಟದೊಳಗೇ ಹಾಕಿದರು.

ಬೈಗುಳ ಬಂತು, ನಾಲ್ಕು ದಿನ ರೇಟಿಂಗ್ ಇಳಿಯಿತು. ದುಡ್ಡು ವಾಪಸ್ ಕೇಳಿದವರಿಗೆ ವಾಪಸ್ ಕೊಟ್ಟಾಯಿತು. ನಾವ್ಯಾರೂ ನಿರೀಕ್ಷಿಸದಿದ್ದದ್ದೆಂದರೆ, ಆಟ ಬಿಟ್ಟುಹೋಗಿದ್ದ ಹಳಬರಲ್ಲಿ ಕೆಲವರು ಚೀಟಿ ಪಡೆಯಲು ಬಂದು ಅಲ್ಲೇ ಉಳಿದರು. ಇದನ್ನು ಪ್ರಾಮಾಣಿಕತೆಗೆ ಸಿಕ್ಕ ಫಲ ಎಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಆ ತಿಂಗಳ ಆದಾಯ ಇಳಿದದ್ದೂ ಅಷ್ಟೇ ನಿಜ.

ತಿರುವು ಸಿಕ್ಕಿದ್ದು ಬೇರೆ ಕಡೆ. ಕೊರಿಯಾಕ್ಕೆ ಪೆಟ್ಟಿಗೆಯನ್ನೇ ತೆಗೆದುಬಿಡೋಣ ಎಂದು ಅದೇ ವಿನ್ಯಾಸಕ ಹೇಳಿದ. ಪ್ರತಿ ಹಬ್ಬಕ್ಕೂ ಕಾರ್ಡು ಬದಲಾಗುತ್ತದೆ, ಬದಲಾದಾಗಲೆಲ್ಲ ಆಟ, ಜಾಲತಾಣ ಎರಡರಲ್ಲೂ ಕೋಷ್ಟಕ ತಿದ್ದಬೇಕು, ಒಂದು ಕಡೆ ತಪ್ಪಿದರೂ ಕಾನೂನಿನ ಪ್ರಶ್ನೆ. ದೊಡ್ಡ ಕಂಪನಿಗೆ ಅದಕ್ಕೊಂದು ವಿಭಾಗವಿರುತ್ತದೆ, ನಮ್ಮಲ್ಲಿ ಇದ್ದದ್ದು ಒಬ್ಬ ಹುಡುಗಿ, ಅವಳೇ ಟೆಸ್ಟರ್ ಕೂಡ. ಕಾರ್ಡುಗಳನ್ನು ನೇರ ಬೆಲೆಗೆ ಮಾರಿದರು, ತಿಂಗಳ ಸೀಸನ್ ಪಾಸ್ ಇಟ್ಟರು. ಒಬ್ಬೊಬ್ಬ ಆಟಗಾರನಿಂದ ಬರುವ ಹಣ ಕಡಿಮೆಯಾಯಿತು. ದೂರಿನ ಪತ್ರಗಳು ಅದಕ್ಕಿಂತ ಹೆಚ್ಚು ಕಡಿಮೆಯಾದವು. ಕೊರಿಯಾದಲ್ಲಿ ಆಟ ಇವತ್ತಿಗೂ ಸಣ್ಣದಾಗಿ, ನಷ್ಟವಿಲ್ಲದೆ ನಡೆಯುತ್ತಿದೆ.

ಇಂಡೋನೇಷ್ಯಾ: ರಾತ್ರಿ ಎರಡು ಗಂಟೆ

ಪಟ್ಟಿಯ ಕೊನೆಯಲ್ಲಿದ್ದ ದೇಶಕ್ಕೆ ಹೋಗುವಷ್ಟರಲ್ಲಿ ತಂಡ ಮಾಗಿತ್ತು. ಪೆಟ್ಟಿಗೆ ಇಲ್ಲದ ಬಿಲ್ಡ್ ಕೈಯಲ್ಲಿತ್ತು, ರತ್ನದ ಎರಡು ಕಾಲಂ ಸಿದ್ಧವಿದ್ದವು. ಈ ಸಲ ಆದಾಯದ ಕೋಷ್ಟಕ ಪಕ್ಕಕ್ಕಿಟ್ಟು ಫೋನು ಹಿಡಿದು ನೋಡಿದರು. ಅಲ್ಲಿ ಹೆಚ್ಚು ಓಡುವ ಅಗ್ಗದ ಫೋನುಗಳಲ್ಲಿ ಜಾಗ ಕಡಿಮೆ. ಹೊಸ ಆಟ ಬೇಕೆಂದರೆ ಹಳೆಯದನ್ನೋ ಫೋಟೋಗಳನ್ನೋ ಅಳಿಸಬೇಕು. ಮೊದಲ ಡೌನ್‌ಲೋಡ್ ಅನ್ನು ಕಾಲು ಭಾಗಕ್ಕಿಳಿಸಿದರು, ಉಳಿದದ್ದು ಆಡುತ್ತಾ ಬರುವಂತೆ ಮಾಡಿದರು.

ಹಣದ ಹಾದಿಯೇ ಬೇರೆ. ಕ್ರೆಡಿಟ್ ಕಾರ್ಡು ಇರುವವರು ವಿರಳ. ಗೋಪೇ, ಓವೋ, ಡಾನಾದಂಥ ವಾಲೆಟ್‌ಗಳು, ಅಲ್ಲಿಯವರು ಪುಲ್ಸಾ ಎನ್ನುವ ಮೊಬೈಲ್ ಬ್ಯಾಲೆನ್ಸು, ಬೀದಿಯ ಮಿನಿಮಾರ್ಟಿನ ಕೌಂಟರು. ಒಟ್ಟಿಗೆ ಆಡುವ ಗುಂಪಿನ ನಾಯಕನಾದವನು ಹತ್ತಾರು ಜನರಿಂದ ಚಿಲ್ಲರೆ ಕೂಡಿಸಿ ಎಲ್ಲರಿಗೂ ತಾನೇ ರತ್ನ ಕೊಳ್ಳುವುದು ಅಲ್ಲಿ ಮಾಮೂಲು. ನಮ್ಮ ಆಟದಲ್ಲಿ ಇನ್ನೊಬ್ಬರಿಗೆ ಕೊಡಿಸುವ ದಾರಿಯೇ ಇರಲಿಲ್ಲವಾಗಿ ಹುಡುಗರು ಪಾಸ್‌ವರ್ಡನ್ನೇ ನಾಯಕನ ಕೈಗೆ ಕೊಡುತ್ತಿದ್ದರು. ಇದನ್ನು ಭದ್ರತೆಯ ಸಮಸ್ಯೆ ಎಂದು ತಡೆಯಲು ಹೊರಟಿದ್ದೆವು. ಆಟಗಾರರ ಜೊತೆ ಮಾತಾಡಿಕೊಂಡಿರುವ ಸ್ಥಳೀಯ ಕಮ್ಯುನಿಟಿ ಮ್ಯಾನೇಜರ್ ತಡೆದರು. ಆಟಗಾರನ ಐಡಿ ಸಂಖ್ಯೆ ಹಾಕಿದರೆ ಸಾಕು, ಯಾರು ಬೇಕಾದರೂ ಟಾಪ್-ಅಪ್ ಮಾಡುವ ಪುಟ ಮಾಡಿ ಎಂದರು. ಆ ಪ್ರದೇಶದಲ್ಲಿ ಬೇರೂರಿರುವ ರೂಢಿ ಅದು. ಈ ಪುಟದಿಂದಲೇ ಈಗ ಅಲ್ಲಿಯ ಆದಾಯದ ಬಹುಪಾಲು ಬರುತ್ತದೆ, ಆಪ್ ಅಂಗಡಿಯ ಶೇ 15 ಅಥವಾ 30ರ ಕಡಿತವೂ ಅದಕ್ಕಿಲ್ಲ.

2025ರ ರಂಜಾನ್ ಅಲ್ಲಿ ಮಾರ್ಚ್ 1ಕ್ಕೆ ಆರಂಭವಾಯಿತು. ಸ್ಪರ್ಧೆ, ಅಲಂಕಾರ, ವಿಶೇಷ ಕಾರ್ಡು ಎಲ್ಲ ಸಿದ್ಧ. ಮೂರನೇ ದಿನ ದೂರುಗಳ ಪ್ರವಾಹ. ಪ್ರತಿ ವಾರ ಬೆಂಗಳೂರಿನ ರಾತ್ರಿ 2 ಗಂಟೆಗೆ ಸರ್ವರ್ ನಿಲ್ಲಿಸಿ ದುರಸ್ತಿ ಮಾಡುವುದು ನಮ್ಮ ವಾಡಿಕೆ. ಆ ಹೊತ್ತಿನಲ್ಲಿ ಯಾರು ಆಡುತ್ತಾರೆ? ಜಕಾರ್ತಾದಲ್ಲಿ ಆಗ 3:30. ಉಪವಾಸಕ್ಕೆ ಮುನ್ನ ಸಹೂರ್ ಊಟಕ್ಕೆ ಮನೆಮಂದಿಯೆಲ್ಲ ಎದ್ದು ಕೂತಿರುವ ಹೊತ್ತು. ಗುಂಪಿನವರೆಲ್ಲ ಒಟ್ಟಿಗೆ ಆಡಲೆಂದು ಅಲಾರಾಂ ಇಟ್ಟು ಎದ್ದಿದ್ದರು. ಅವರಿಗೆ ಕಂಡದ್ದು 'ದುರಸ್ತಿ ನಡೆಯುತ್ತಿದೆ' ಎಂಬ ಫಲಕ.

ಸರಿಪಡಿಸಲು ಅರ್ಧ ದಿನವೂ ಬೇಕಾಗಲಿಲ್ಲ. ಸರ್ವರ್ ಹುಡುಗ ಮಾತ್ರ ಒಂದು ತಿಂಗಳು ಬೆಳಗ್ಗೆ ಹತ್ತಕ್ಕೆ ದುರಸ್ತಿ ಮಾಡುತ್ತಾ, ಜೀವನದಲ್ಲಿ ಮೊದಲ ಸಲ ರಾತ್ರಿ ನಿದ್ದೆ ಬರ್ತಿದೆ ಸರ್ ಎನ್ನುತ್ತಿದ್ದ.

ಆದದ್ದೇನು

ಜಪಾನಿನ ಸರ್ವರನ್ನು 2024ರ ಡಿಸೆಂಬರಿನಲ್ಲಿ ಮುಚ್ಚಿದರು. ಆಟ ಮುಚ್ಚುವಾಗ, ಕೊಂಡು ಬಳಸದೆ ಉಳಿದ ರತ್ನಕ್ಕೆ ಹಣ ಹಿಂದಿರುಗಿಸುವುದು ಅಲ್ಲಿನ ಕ್ರಮ. ಎರಡು ಕಾಲಂ ಇದ್ದದ್ದರಿಂದ ಯಾರಿಗೆ ಎಷ್ಟು ಎಂದು ಒಂದೇ ದಿನದಲ್ಲಿ ತಿಳಿಯಿತು. ಮೂರು ವಾರ ಹಾಳಾಯಿತು ಎಂದು ನಾವು ಗೊಣಗಿದ್ದ ಕೆಲಸ ಅದು. ಇಂಡೋನೇಷ್ಯಾ ಈಗ ಅವರ ಎರಡನೆಯ ದೊಡ್ಡ ಮಾರುಕಟ್ಟೆ. ಆದಾಯದ ಕೋಷ್ಟಕದಲ್ಲಿ ಅದು ಕೊನೆಯಲ್ಲಿತ್ತು. ನಮಗೆ ಬೇಕಿದ್ದ ಕೋಷ್ಟಕ ಬೇರೆಯೇ: ಈ ದೇಶಕ್ಕೆ ಕಾಲಿಡಲು ನಮಗೆ ಎಷ್ಟು ಖರ್ಚು, ಅಲ್ಲಿಂದ ಬಂದ ದೂರನ್ನು ಓದುವವರು ಯಾರು, ತಪ್ಪಾದರೆ ಹಿಂದೆ ಸರಿಯಲು ಎಷ್ಟು ಬೇಕು. ಅದನ್ನು ಯಾರೂ ಮಾರುವುದಿಲ್ಲ, ನಾವೇ ಕೂತು ಮಾಡಬೇಕಿತ್ತು.

ಮನೆಯಂಗಳದ ಪೆಟ್ಟು ಕೊನೆಗೆ ಬಂತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಕೋಟೆ ಆಟದಲ್ಲಿ ಹಣ ಕಟ್ಟುವುದಿಲ್ಲ, ಕಾಯ್ದೆ ಅದಕ್ಕೆ ತಾಗುವುದಿಲ್ಲ. ಆದರೆ ಐದು ರತ್ನಕ್ಕಾಗಿ ನಮ್ಮ ಆಟಗಾರ ನೋಡುತ್ತಿದ್ದ ಜಾಹೀರಾತುಗಳು ಯಾರವು? ರಮ್ಮಿಯವು, ಫ್ಯಾಂಟಸಿ ಕ್ರಿಕೆಟ್ಟಿನವು. ಅವು ಒಮ್ಮೆಗೇ ನಿಂತವು, ಜಾಹೀರಾತಿನ ದರ ಕುಸಿಯಿತು. ಜೂಜಿಗೂ ನಮಗೂ ಏನು ಸಂಬಂಧ ಎನ್ನುತ್ತಿದ್ದ ತಂಡಕ್ಕೆ ತಿಂಗಳ ಸಂಬಳ ಎಲ್ಲಿಂದ ಬರುತ್ತಿತ್ತು ಎಂದು ಆಗ ತಿಳಿಯಿತು. ಮುಂದಿನ ಮೂರು ತಿಂಗಳು ಬಾಡಿಗೆ ಕಟ್ಟಿದ್ದು ಜಕಾರ್ತಾದ ಚಿಲ್ಲರೆ ಹಣ.

ಈಗ ಹೂಡಿಕೆದಾರರು ಪಶ್ಚಿಮ ಏಷ್ಯಾದ ಮಾತೆತ್ತಿದ್ದಾರೆ. 2024ರಿಂದ ರಿಯಾದ್‌ನಲ್ಲಿ ಇ-ಸ್ಪೋರ್ಟ್ಸ್ ವಿಶ್ವಕಪ್ ನಡೆಯುತ್ತಿದೆ, ಅಲ್ಲಿ ಹಣದ ಹೊಳೆ ಹರಿಯುತ್ತಿದೆ ಎಂಬುದು ಅವರ ಸ್ಲೈಡು. ತಂಡ ಈ ಸಲ ಯಾವ ಒಪ್ಪಂದಕ್ಕೂ ಕೈ ಹಾಕದೆ, ಮೊದಲು ಅರಬ್ಬೀ ಅನುವಾದಕರೊಬ್ಬರಿಗೆ ಎರಡು ದಿನದ ಸಂಬಳ ಕೊಟ್ಟು ಆಟ ಆಡಿಸಿತು. ಅನುವಾದ ಬೇಡ, ನಿಮಗೆ ಇರುಸುಮುರುಸಾದದ್ದನ್ನೆಲ್ಲ ಬರೆಯಿರಿ ಎಂದಿದ್ದರು. ಏಳು ಅಂಶಗಳ ಪಟ್ಟಿ ಬಂತು. ಮೊದಲನೆಯದು: ನಾವು ಬಲದಿಂದ ಎಡಕ್ಕೆ ಓದುವವರು, ನಿಮ್ಮ ಕೋಟೆ ಎಡಗಡೆ ಇದೆ, ಶತ್ರು ಬಲದಿಂದ ಬರುತ್ತಾನೆ, ಕೋಟೆ ಬಲಕ್ಕೆ ಬರಬೇಡವೇ?

ಪರದೆಯನ್ನು ಕನ್ನಡಿಯಂತೆ ತಿರುಗಿಸಿದರೆ ಯೋಧರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾರೆ. ಅದರ ಚರ್ಚೆ ಇನ್ನೂ ಮುಗಿದಿಲ್ಲ.